ಮೊದಲು ಯಾರದ್ದು

ಅವನ ಅಂಗಡಿಗೆ ನಾನು ಮೊದಲ ಸಲ ಕಾಲಿಟ್ಟಿದ್ದು ಜಗಳ ಆಡುವುದಕ್ಕೆ.

ನನ್ನ ಕಸೂತಿ ಅಂಗಡಿ ಬೀದಿಯ ಈ ತುದಿಯಲ್ಲಿತ್ತು. ಮರದ ಅಚ್ಚು ಕೆತ್ತಿ ಬಟ್ಟೆಯ ಮೇಲೆ ಒತ್ತುವ ಅವನ ಅಂಗಡಿ ಆ ತುದಿಯಲ್ಲಿ ಹೊಸದಾಗಿ ಶುರುವಾಗಿತ್ತು. ಅವತ್ತು ಬೆಳಿಗ್ಗೆ ಅದರ ಗಾಜಿನ ಹಿಂದೆ ಒಂದು ಮೇಜುಹಾಸು ನೇತುಹಾಕಿದ್ದರು. ಅದರ ತುಂಬ ನನ್ನ ಹೂವು! ಮೂರು ಎಸಳು, ಪಕ್ಕದಲ್ಲಿ ತಲೆ ಬಗ್ಗಿಸಿದ ಒಂದು ಮೊಗ್ಗು. ಒಂದು ವರ್ಷದಿಂದ ನನ್ನ ಶಾಲುಗಳ ಅಂಚಿನಲ್ಲಿ ಅರಳುತ್ತಿದ್ದ ಅದೇ ಹೂವು.

ಕೈಗೆ ಸಿಕ್ಕ ಶಾಲೊಂದನ್ನು ಎಳೆದುಕೊಂಡು ಹೋಗಿ ಅವನ ಮೇಜಿನ ಮೇಲೆ ಎಸೆದೆ.

"ಏನ್ರೀ ಇದು? ಹಾಡುಹಗಲಲ್ಲೇ ಕದೀತೀರಲ್ಲ, ಕೇಳೋರಿಲ್ಲ ಅಂದ್ಕೊಂಡ್ರಾ?"

ಅವನು ಉಳಿ ಕೆಳಗಿಟ್ಟ. ರೆಪ್ಪೆಯ ಮೇಲೆಲ್ಲ ಮರದ ಪುಡಿ. ನಾನು ಬೈದು ಸುಸ್ತಾಗುವವರೆಗೂ ತಾಳ್ಮೆಯಿಂದ ಕೇಳಿಸಿಕೊಂಡು, ಒಳಗಿನಿಂದ ಒಂದು ಅಚ್ಚು ತಂದು ನನ್ನ ಅಂಗೈಯಲ್ಲಿಟ್ಟ. ಬಣ್ಣ ಕುಡಿದು ಕುಡಿದು ಕಪ್ಪಾದ ಮರ, ಸವೆದುಹೋದ ಎಸಳುಗಳು. ಹಿಂಬದಿಯಲ್ಲಿ ಕೆತ್ತಿದ್ದ ತಾರೀಕು ಆರು ವರ್ಷ ಹಳೆಯದು.

"ಈ ಹೂವಿನ ಬಟ್ಟೆ ಜಾಸ್ತಿ ಕಡೆ ಹೋಗಿಲ್ಲ," ಎಂದ. "ಕಣ್ಣಾಸ್ಪತ್ರೆಗೆ ಒಂದಿಪ್ಪತ್ತು ಪರದೆ ಮಾಡ್ಕೊಟ್ಟಿದ್ದೆ. ಅಲ್ಲೇನಾದ್ರೂ ನೋಡಿದ್ರಾ?"

ಅಪ್ಪನ ಕಣ್ಣು ಹೋಗುತ್ತಿದ್ದ ಆ ನಾಲ್ಕು ತಿಂಗಳು ನಾನು ದಿನಾ ಅಲ್ಲಿನ ಬೆಂಚಿನ ಮೇಲೆ ಕೂತಿದ್ದೆ. ಡಾಕ್ಟರ ಬಾಗಿಲು ಬಿಟ್ಟರೆ ಬೇರೇನನ್ನೂ ನೋಡಿಲ್ಲ ಎಂದುಕೊಂಡಿದ್ದೆ. ಆದರೆ ಕಣ್ಣು ತನ್ನ ಪಾಡಿಗೆ ತಾನು ಪರದೆಯನ್ನು ನೋಡಿಕೊಂಡಿತ್ತು. ನನ್ನ ಕಿವಿಯವರೆಗೂ ಬಿಸಿ ಏರಿತು.

"ಎಲ್ಲಾ ಶಾಲಿಂದೂ ಬಿಚ್ಚಿಬಿಡ್ತೀನಿ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಅಯ್ಯೋ, ಬೇಡ್ರೀ! ನನ್ನ ಹೂವು ನೋಡಿ, ಮೇಷ್ಟ್ರು ಶಿಕ್ಷೆ ಕೊಟ್ಟು ನಿಲ್ಲಿಸಿದಂಗೆ ನೆಟ್ಟಗೆ ನಿಂತಿದೆ. ನಿಮ್ದು ಗಾಳಿಗೆ ಓಲಾಡ್ತಿದೆ. ಅದನ್ಯಾಕೆ ಕೀಳ್ತೀರಾ?" ಅವನ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. "ಬೇಕಾದ್ರೆ ದಂಡ ಹಾಕ್ತೀನಿ. ಇನ್ಮೇಲೆ ಏನು ಹೊಸದು ಮಾಡಿದ್ರೂ ನನಗೆ ತಂದು ತೋರಿಸ್ಬೇಕು. ಚೆಕಿಂಗು!"

ದಂಡ ಕಟ್ಟುತ್ತಾ ಕಟ್ಟುತ್ತಾ ನಾನು ಅವನನ್ನು ಪ್ರೀತಿಸಿದೆ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಬರುತ್ತಿದ್ದ. ನಾನು ಹೊಸ ಬಳ್ಳಿಯನ್ನೋ ಹಕ್ಕಿಯನ್ನೋ ಮುಂದೆ ಹಿಡಿದರೆ ಇಲ್ಲದ ಕನ್ನಡಕ ಸರಿಮಾಡಿಕೊಂಡು, ಬಟ್ಟೆಯನ್ನು ತಿರುವಿ ಮುರುವಿ ನೋಡಿ, "ಹೂಂ. ಪಾಸು," ಎನ್ನುತ್ತಿದ್ದ. ನೋಡುವುದು ಮಾತ್ರ ಬಟ್ಟೆಯನ್ನಲ್ಲ. ನಾನು ತಲೆ ಎತ್ತಿದ ಕೂಡಲೇ ಅವನ ಕಣ್ಣು ಓಡಿಹೋಗಿ ಸೂಜಿಡಬ್ಬಿಯ ಹಿಂದೆ ಅಡಗಿಕೊಳ್ಳುತ್ತಿತ್ತು. ನಾನು ಹಲ್ಲಿನಿಂದ ದಾರ ಕಡಿದರೆ ಕತ್ತರಿ ಚಾಚುತ್ತಿದ್ದ. ಅದನ್ನು ತೆಗೆದುಕೊಳ್ಳುವಾಗ ನನ್ನ ಬೆರಳು ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇರುತ್ತಿತ್ತು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಕಣ್ಣು ಕಾಣದ ಅಪ್ಪನಿಗೆ ಎಲ್ಲವೂ ಕಾಣುತ್ತಿತ್ತು. "ಆ ಹುಡುಗ ಬಂದ್ರೆ ಮರದ ವಾಸನೆ ಬರುತ್ತೆ," ಎಂದರು ಒಮ್ಮೆ. "ಬಾರದೇ ಇದ್ರೆ ನಿನ್ನ ನಿಟ್ಟುಸಿರು ಕೇಳ್ಸುತ್ತೆ. ಯಾವುದು ವಾಸಿ ಅಂತ ಯೋಚಿಸ್ತಿದೀನಿ."

ಆದರೆ ಆ ಹೂವಿನ ದಿನದಿಂದ ನನ್ನೊಳಗೆ ಒಂದು ಹುಳ ಹೊಕ್ಕಿತ್ತು. ಯಾವ ಗೆರೆ ಎಳೆದರೂ ಇದು ಎಲ್ಲಿಂದ ಬಂತು, ಯಾರದ್ದು ಎನ್ನುವ ಪ್ರಶ್ನೆ. ಹಾಕಿದ್ದನ್ನು ಬಿಚ್ಚುವುದು, ಮತ್ತೆ ಹಾಕುವುದು. ಬಟ್ಟೆಯ ತುಂಬ ಸೂಜಿಯ ತೂತುಗಳು ಮಾತ್ರ ಉಳಿಯುತ್ತಿದ್ದವು.

"ಅಕ್ಷರ ಎಲ್ರಿಗೂ ಅವೇ ಅಲ್ವೇನೇ? ಹಂಗಂತ ಯಾರೂ ಕಾಗದ ಬರೀಬಾರ್ದಾ?" ಎಂದು ಅವನು ನಗಿಸುತ್ತಿದ್ದ.

"ನಿನಗೇನಪ್ಪ, ನೀನು ಮಾಡಿದ್ದೆಲ್ಲಾ ನಿಂದೇ. ಒಂದ್ಸಲ ಕದ್ದು ಸಿಕ್ಕಿಬಿದ್ದವಳು ನಾನು."

"ಕದ್ದಿದ್ದು ಹೂವೊಂದೇನಾ?" ಎನ್ನುತ್ತಾ ಎದ್ದು ಹೋಗುತ್ತಿದ್ದ. ಅವತ್ತಿಡೀ ನನ್ನ ಸೂಜಿಗೆ ದಾರವೇ ಏರುತ್ತಿರಲಿಲ್ಲ.

ಆ ವರ್ಷ ಕರಕುಶಲ ಪ್ರದರ್ಶನಕ್ಕೆ ಇಬ್ಬರೂ ಹೆಸರು ಕೊಟ್ಟೆವು. ನಿಯಮ ಒಂದೇ, ಸ್ವಂತ ಕಲ್ಪನೆಯಾಗಿರಬೇಕು. ಈ ಒಂದು ಸಲ ಚೆಕಿಂಗು ಬೇಡ, ಅಲ್ಲೇ ನೋಡೋಣ ಎಂದು ಮಾತಾಡಿಕೊಂಡೆವು. ಮೂರು ತಿಂಗಳು ನಾನು ಗೋಡೆಗೆ ಹಾಕುವ ದೊಡ್ಡ ಬಟ್ಟೆಯೊಂದರ ಮೇಲೆ ಬಗ್ಗಿದ್ದೆ. ಒಂದರ ಹಿಂದೊಂದು ಬೂದುಬಣ್ಣದ ಮನೆಗಳ ಸೂರು, ಎಲ್ಲ ಕಿಟಕಿಗಳೂ ಮುಚ್ಚಿವೆ, ಕೆಳಗೆ ಎಡಕ್ಕೆ ಒಂದೇ ಒಂದು ಕಿಟಕಿ ತೆರೆದು ಅದರಿಂದ ಹಸಿರು ಬಟ್ಟೆ ಇಳಿಬಿದ್ದಿದೆ. ಅದು ಹೇಗೋ ಪೂರ್ತಿಯಾಗಿಯೇ ಮನಸ್ಸಿಗೆ ಬಂದಿತ್ತು. ಬಿಚ್ಚಬೇಕೆಂದು ಅನಿಸದಿದ್ದದ್ದು ಅದೊಂದೇ. ಇದಂತೂ ನನ್ನದೇ ಎಂದು ನಂಬಿದ್ದೆ.

ಪ್ರದರ್ಶನದ ಸಭಾಂಗಣದಲ್ಲಿ ನನ್ನ ಬಟ್ಟೆಯನ್ನು ನೇತುಹಾಕಿ ತಿರುಗಿದೆ. ಎದುರಿನ ಗೋಡೆಯ ಮೇಲೆ ಅವನದು. ಅವೇ ಬೂದುಬಣ್ಣದ ಸೂರುಗಳು. ಕೆಳಗೆ ಎಡಕ್ಕೆ ಅದೇ ಕಿಟಕಿ. ಅದೇ ಹಸಿರು.

ಜನ ಸೇರಿದರು, ಫೋನುಗಳು ಮೇಲೆದ್ದವು. ಆಯ್ಕೆ ಸಮಿತಿಯ ಹೆಂಗಸು ನಮ್ಮಿಬ್ಬರನ್ನೂ ಮಧ್ಯಕ್ಕೆ ಕರೆದರು. "ಎರಡೂ ಸ್ವಂತದ್ದು ಅಂದ್ರೆ ನಂಬೋಕಾಗಲ್ಲ. ಒಬ್ರು ವಾಪಸ್ ತಗೋಬೇಕು. ಹೇಳಿ, ಮೊದಲು ಯಾರದ್ದು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಹೂವಿನ ಜಗಳ ಬೀದಿಗೆಲ್ಲ ಗೊತ್ತಿದ್ದ ಕಥೆ. ಮತ್ತೆ ನಾನೇ ಕಳ್ಳಿ ಆಗುತ್ತೇನೆ ಎಂದು ಹೆದರಿದೆ. ಮೊದಲು ಯಾರದ್ದೆಂದು ನನಗೆ ಗೊತ್ತಿರಲಿಲ್ಲ. ಆದರೂ ನನ್ನ ಬಾಯಿ ಹೇಳಿತು, "ನಂದು. ನಂದೇ ಮೊದಲು."

ಅವನು ನನ್ನತ್ತ ನೋಡಿದ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನೋಟದಲ್ಲಿ ಕೋಪವಿರಲಿಲ್ಲ.

"ಹೌದು," ಎಂದ ಆ ಹೆಂಗಸಿಗೆ. "ಅವರದ್ದೇ ಮೊದಲು."

ನನ್ನನ್ನು 'ಅವರು' ಎಂದ. ಸ್ಟೂಲು ಹತ್ತಿ, ತನ್ನ ಬಟ್ಟೆಯನ್ನು ಇಳಿಸಿ, ಅಂಚಿಗೆ ಅಂಚು ಸೇರಿಸಿ ಮಡಚಿಕೊಂಡು ಹೊರಟುಹೋದ.

ನನಗೆ ಮೊದಲ ಬಹುಮಾನ ಬಂತು. ಅವನ ಅಂಗಡಿಗೆ 'ಕಾಪಿ ಹೊಡೆಯೋ ಅಂಗಡಿ' ಎಂಬ ಹೆಸರು ಬಂತು. ಆರ್ಡರು ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬೇಡವೆಂದರು. ನಾನು ಎರಡು ವಾರ ಆ ಕಡೆಗೆ ತಲೆ ಹಾಕಲಿಲ್ಲ. ಅವನೂ ನನ್ನದನ್ನು ಎಲ್ಲೋ ನೋಡಿರಬಹುದು, ಕಿಟಕಿಯಿಂದ ಇಣುಕಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ನನಗೇ ನಂಬಿಕೆ ಬರಲಿಲ್ಲ.

ಹದಿನೈದನೇ ದಿನ ಅವನ ಅಕ್ಕ ಬಂದರು. ಅವನ ಅಂಗಡಿಯ ಬಣ್ಣವನ್ನೆಲ್ಲ ಕಲಸುವವರು ಅವರೇ. ಬೆರಳುಗಳು ಸದಾ ನೀಲಿ. ಕೂರದೆ, ಗೋಡೆಯ ಮೇಲಿನ ನನ್ನ ಬಟ್ಟೆಯ ಮುಂದೆ ನಿಂತರು.

"ಇದು ನಾವು ಚಿಕ್ಕವರಿದ್ದಾಗ ಇದ್ದ ಮನೆಯಿಂದ ಕಾಣೋದು ಕಣಮ್ಮ," ಎಂದರು. "ಅವನಿಗೆ ಎಂಟು ವರ್ಷ ಇದ್ದಾಗ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದ. ಅಮ್ಮ ಎದುರು ಮನೇಲಿ ಅಡುಗೆ ಕೆಲಸಕ್ಕೆ ಹೋಗ್ಲೇಬೇಕಿತ್ತು. ಹೋದವಳು ಅಲ್ಲಿನ ಕಿಟಕಿಗೆ ಒಂದು ಹಸಿರು ಬಟ್ಟೆ ಇಳಿಬಿಡೋಳು. 'ಅದು ಕಾಣೋ ತನಕ ನಾನು ಇಲ್ಲೇ ಇದೀನಿ ಅಂತ ತಿಳ್ಕೋ' ಅಂತ. ಅವನು ಅದನ್ನೇ ನೋಡ್ಕೊಂಡು ಮಲ್ಗಿರೋನು. ಇದನ್ನ ಅವನು ಯಾರಿಗೂ ಹೇಳಿದ್ದಿಲ್ಲ. ನಿನಗೆ ಹೇಳಿದಾನೆ ಅಂತ ಇದನ್ನ ನೋಡಿದ್ಮೇಲೇ ನಂಗೆ ಗೊತ್ತಾಗಿದ್ದು."

ನಾನು ಹೋಗಿ ಆ ಹಸಿರು ದಾರದ ಮೇಲೆ ಬೆರಳಿಟ್ಟೆ.

ಹೇಳಿದ್ದ. ನನಗೆ ಜ್ವರ ಬಂದು ಮಲಗಿದ್ದ ಒಂದು ಮಧ್ಯಾಹ್ನ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಾಯಿಸುತ್ತಾ ಏನೋ ಹೇಳುತ್ತಲೇ ಇದ್ದ. ನಾನು ಅರೆನಿದ್ದೆಯಲ್ಲಿದ್ದೆ. ಮಾತು ಮರೆತು, ಚಿತ್ರ ಒಳಗೆ ಉಳಿದು, ನನ್ನದೇ ಕನಸು ಎನ್ನುವಂತೆ ಎದ್ದು ಬಂದಿತ್ತು.

ಮಾರನೇ ದಿನವೇ ಸಮಿತಿಗೆ ಹೋಗಿ ಎಲ್ಲವನ್ನೂ ಹೇಳಿ ಬಹುಮಾನ ವಾಪಸ್ ಕೊಟ್ಟೆ. ನನ್ನ ಅಂಗಡಿಯ ಬಾಗಿಲಿಗೆ ಸ್ವಂತ ಅಕ್ಷರದಲ್ಲಿ ಬರೆದು ಅಂಟಿಸಿದೆ: ಆ ಚಿತ್ರ ಅವನದು, ನಾನು ಹೇಳಿದ್ದು ಸುಳ್ಳು. ಜನ ಓದಿ ನನ್ನ ಮುಖ ನೋಡಿದರು. ನೋಡಲಿ ಎಂದುಕೊಂಡೆ. ಆಮೇಲೆ ಅವನ ಅಂಗಡಿಗೆ ಹೋದೆ.

ಅಚ್ಚುಗಳೆಲ್ಲ ಪೆಟ್ಟಿಗೆ ಸೇರುತ್ತಿದ್ದವು. ದೂರದ ಊರಿನ ಶಾಲೆಯೊಂದರಲ್ಲಿ ಕೆತ್ತನೆ ಕಲಿಸುವ ಕೆಲಸ ಸಿಕ್ಕಿತ್ತಂತೆ.

"ಬೇಕಂತ ಮಾಡ್ಲಿಲ್ಲ ಕಣೋ," ಎಂದೆ. "ನಿಂದು ಅಂತ ಗೊತ್ತೇ ಇರ್ಲಿಲ್ಲ."

"ಅದು ನಂಗೆ ಗೊತ್ತು." ಅಚ್ಚೊಂದನ್ನು ಕಾಗದದಲ್ಲಿ ಸುತ್ತುತ್ತಾ ಹೇಳಿದ. "ನಿಜ ಹೇಳ್ಲಾ? ನಿನ್ನ ಬಟ್ಟೆ ನೋಡಿದ ತಕ್ಷಣ ಖುಷಿನೇ ಆಯ್ತು. ನಿದ್ದೇಲೂ ನನ್ನ ಮಾತು ಕೇಳಿಸ್ಕೊಂಡಿದಾಳೆ ಅಂತ."

"ಮತ್ತೆ ಯಾಕೆ ಹೋಗ್ತಿದೀಯ?"

ಅವನು ಸುತ್ತಿದ ಅಚ್ಚನ್ನು ಪೆಟ್ಟಿಗೆಯಲ್ಲಿಟ್ಟ.

"ಅವರು ಕೇಳಿದಾಗ ಗೊತ್ತಿಲ್ಲ ಅನ್ಬಹುದಿತ್ತು ನೀನು. ನನ್ನ ಮುಖ ನೋಡಿ, ಗೊತ್ತಿಲ್ಲ ಅಂತ. ಇಬ್ರೂ ಸೇರಿ ಇಳಿಸ್ಕೊಂಡು ನಗ್ತಾ ಮನೆಗೆ ಹೋಗ್ತಿದ್ವಿ."

"ಭಯ ಆಯ್ತು."

"ನಂಗೂ ಆಯ್ತು ಕಣೇ. ಆದ್ರೆ ನಂಗೆ ಆ ಹೊತ್ತಿಗೆ ನೀನು ಕಾಣಿಸ್ದೆ. ನಿನಗೆ ನಾನು ಕಾಣಿಸ್ಲಿಲ್ಲ."

ಅವನ ರೆಪ್ಪೆಯ ಮೇಲಿನ ಪುಡಿ ಒದ್ದೆಯಾಗಿತ್ತು. ಒರೆಸಲು ಕೈ ಎತ್ತಿದೆ, ಆ ಹಕ್ಕು ಇನ್ನೂ ಇದೆಯೋ ಇಲ್ಲವೋ ತಿಳಿಯದೆ ಇಳಿಸಿದೆ.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ಹೋದೆ. ಅವನ ಸೀಟು ಒಳಗಡೆಯದು. ಕಿಟಕಿಯ ಪಕ್ಕ ಕೂತಿದ್ದ ಅಪರಿಚಿತ ಅಜ್ಜಿಯೊಬ್ಬರು ಹೊರಗೆ ನಿಂತಿದ್ದ ನನಗೂ ಅವನಿಗೂ ಮಾತಾಡಲು ಅನುವಾಗಲೆಂದು ಬೆನ್ನನ್ನು ಸೀಟಿಗೆ ಒತ್ತಿ ಹಿಂದಕ್ಕೆ ಸರಿದರು. ಡ್ರೈವರು ಹತ್ತಿದ.

"ಒಂದು ಮಾತು," ಎಂದೆ ಕಿಟಕಿಯ ಅಂಚು ಹಿಡಿದು. "ಇದು ಎಲ್ಲಿಂದ ಬಂತು ಅಂತ ನಾನು ಯೋಚಿಸಿಲ್ಲ. ನೀನಂದ್ರೆ ನಂಗೆ ಪ್ರಾಣ."

ಅವನು ನಕ್ಕ. ನಗುತ್ತಿದ್ದಂತೆಯೇ ಕಣ್ಣುಗಳು ತುಂಬಿಕೊಂಡವು. "ಪ್ರಪಂಚದಲ್ಲಿ ಎಲ್ರೂ ಹೇಳೋ ಮಾತು ಕಣೇ ಅದು."

"ಇರ್ಲಿ. ನಾನು ಹೇಳ್ತಿರೋದು ಇದೇ ಮೊದಲು."

ಅವನು ಏನೋ ಹೇಳಲು ಮುಂದೆ ಬಾಗಿದ. ಬಸ್ಸು ಜಗ್ಗಿ ಹೊರಟಿತು. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, ಅವನ ಪರವಾಗಿ ಎಂಬಂತೆ, ತಿರುವಿನವರೆಗೂ ನನ್ನನ್ನು ನೋಡುತ್ತಲೇ ಹೋದರು.

ನಡೆದುಕೊಂಡೇ ಮನೆಗೆ ಬಂದೆ. ಅಪ್ಪ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ಹೆಜ್ಜೆ ಸಪ್ಪಳ ಕೇಳಿ, "ಹೋದ್ನಾ?" ಎಂದರು.

"ಹೋದ, ಅಪ್ಪ."

ಅವರು ಬೆಂಚಿನ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು.