ನೋಡಿ ಬಂದವರ ವರದಿ

1955ರ ಮಾರ್ಚ್ 10, ಗುರುವಾರ. ಬೆಳಿಗ್ಗೆ 10.20ಕ್ಕೆ ವಡಾಲದ ಪೊಲೀಸ್ ಠಾಣೆಗೆ ಹೆಂಗಸೊಬ್ಬಳು ಬಂದು ಎರಡು ಪುಟದ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಹೆಸರು ವಸಂತಿ, ವಯಸ್ಸು ಮೂವತ್ತು, ಉಡುಪಿ ಕಡೆಯವಳು, ಹೊಲಿಗೆ ಕೆಲಸ. ಇನ್‌ಸ್ಪೆಕ್ಟರ್ ಬಸವಂತಪ್ಪ ಅರ್ಜಿಯನ್ನು ಎರಡು ಸಲ ಓದಿದರು. ಧಾರವಾಡದಿಂದ ಬಂದು ಮುಂಬಯಿ ಪೊಲೀಸಿನಲ್ಲಿ ಹದಿನೆಂಟು ವರ್ಷ ಕಳೆದ ಅವರ ಕೈಗೆ ಕಳವು, ಹೊಡೆದಾಟ, ಕಳ್ಳಭಟ್ಟಿ ಎಲ್ಲದರ ದೂರೂ ಬಂದಿತ್ತು. ಒಂದು ಮರದ ವಿಷಯವಾಗಿ ದೂರು ಬಂದದ್ದು ಇದೇ ಮೊದಲು.

"ಆಲದ ಮರ ಇರಲಿಲ್ಲ ಅಂತ ಬರದೀಯಲ್ಲ ತಂಗಿ, ಇದು ಯಾರ ಮ್ಯಾಲಿನ ಫಿರ್ಯಾದು?"

"ಇತ್ತು ಅಂತ ಬರೆದವರ ಮೇಲೆ ಸಾರ್."

ಅವಳ ತಮ್ಮ ಸದಾನಂದ, ಇಪ್ಪತ್ತನಾಲ್ಕು ವರ್ಷ, ದಾದರಿನ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವನು. ವಡಾಲದ 'ಪಾದಚಾರಿ ಬಳಗ'ದ ಸದಸ್ಯ. ಮಾರ್ಚ್ 5ರ ಶನಿವಾರ ಬಳಗದ ಹನ್ನೊಂದು ಮಂದಿ ನೇರಳ್ ಸ್ಟೇಷನ್ನಿನಲ್ಲಿ ಇಳಿದು ಘಟ್ಟದ ಬುಡದವರೆಗೆ ನಡೆದರು. ಭಾನುವಾರ ಘಟ್ಟ ಹತ್ತುವಾಗ ನೀರು ಮುಗಿಯಿತು. ಅರ್ಧ ಘಟ್ಟದಲ್ಲಿ ಆಲದ ಮರ, ಅದರ ಬುಡದಲ್ಲಿ ನೀರಿನ ತೊಟ್ಟಿ ಎಂದು ಬಳಗದವರು ಮೊದಲೇ ಬರೆದಿಟ್ಟಿದ್ದ ದಾರಿಯ ವರದಿಯಲ್ಲಿತ್ತು. ಸದಾನಂದ ತನ್ನ ಬಾಟಲಿಯನ್ನು ಬವಳಿ ಬಂದು ಬಿದ್ದವನೊಬ್ಬನಿಗೆ ಕೊಟ್ಟು, ತೊಟ್ಟಿ ಹುಡುಕಲು ಮುಂದೆ ಹೋದ. ತಿರುಗಿ ಬರಲಿಲ್ಲ. ಸೋಮವಾರವಿಡೀ ಹುಡುಕಿದರು. ಮಂಗಳವಾರ ಬೆಳಿಗ್ಗೆ ಕೊರಕಲಿನಲ್ಲಿ ಹೆಣ ಸಿಕ್ಕಿತು. ಕೊಲಾಬಾ ಜಿಲ್ಲೆಯ ಪೊಲೀಸರು ಆಕಸ್ಮಿಕ ಮರಣವೆಂದು ಬರೆದುಕೊಂಡರು.

"ಬಳಗದವರು ಏನಂತಾರ?"

"ದಾರಿ ತಪ್ಪಿಸಿದ್ದೇ ಸದಾನಂದ ಅಂತಾರೆ ಸಾರ್. ಮುಂದೆ ನಡೆದವ ಅವನಂತೆ. ದಾರಿ ಸರಿ ಇದ್ದಿದ್ದರೆ ಮರ ಸಿಗ್ತಿತ್ತಂತೆ." ಅವಳು ಸೆರಗನ್ನು ಬಿಗಿ ಹಿಡಿದಳು. "ಡಾಕ್ಟರರು ಹೇಳಿದ್ದಾರೆ, ಅವ ಸೋಮವಾರ ಸಾಯಂಕಾಲದವರೆಗೆ ಜೀವದಲ್ಲಿದ್ದ. ಅಷ್ಟು ಹೊತ್ತು ಇವರು ಎಲ್ಲಿ ಹುಡುಕಿದ್ದು?"

ಘಟ್ಟ ಕೊಲಾಬಾದ್ದು, ವರದಿ ವಡಾಲದ್ದು, ಹೆಣವನ್ನು ಸುಟ್ಟದ್ದು ದಾದರಿನಲ್ಲಿ. ಪ್ರಕರಣ ಯಾರಿಗೆ ಸೇರಿದ್ದೆಂದು ಮೂರು ಕಚೇರಿಗಳು ದೂರವಾಣಿಯಲ್ಲಿ ಚರ್ಚಿಸಿದವು. ಪ್ರತಿಯೊಂದಕ್ಕೂ ಉಳಿದೆರಡರ ಮೇಲೆ ಅಪಾರ ಗೌರವವಿತ್ತು. ಮಧ್ಯಾಹ್ನ ಮೂರಕ್ಕೆ ಬಸವಂತಪ್ಪನವರಿಗೆ ಪ್ರಾಥಮಿಕ ವಿಚಾರಣೆಗೆ ಅನುಮತಿ ಸಿಕ್ಕಿತು.

ಸಂಜೆ 5.30. ಬಳಗದ ಕೋಣೆ ಒಂದು ಹೋಟೆಲಿನ ಹಿಂಬದಿಯಲ್ಲಿತ್ತು. ಕಾರ್ಯದರ್ಶಿ ಗದಿಗೆಪ್ಪ ಬಂದರಿನ ಕಚೇರಿಯಲ್ಲಿ ಗುಮಾಸ್ತ, ವಿಜಾಪುರದ ಕಡೆಯವ. ಗೋಡೆಯ ಮೇಲೆ ನಕ್ಷೆ, ನಕ್ಷೆಯ ಮೇಲೆ ಕೆಂಪು ಗೆರೆಗಳು.

"ವಾರವಿಡೀ ಕೂತು ದುಡಿದು, ರಜಾ ದಿನ ನಡೀತಾರಂತೆ ಸಾರ್," ಎಂದು ಕಾನ್‌ಸ್ಟೇಬಲ್ ಚೆನ್ನಯ ಪಿಸುಗುಟ್ಟಿದ. "ನಮಗೆ ರಜೆ ಸಿಕ್ಕಿದ್ರೆ ಕೂತುಕೊಳ್ಳುವ ಅಂತ ಆಗ್ತದೆ."

"ಸುಮ್ಮನಿರಪಾ. ಗದಿಗೆಪ್ಪ, ಈ ದಾರಿ ಆರಿಸಿದವರು ಯಾರು?"

"ಸಭಾ ಮಾಡಿ ಕೈ ಎತ್ತಿಸಿ ಆರಿಸೇವ್ರಿ. ಮೂರು ದಾರಿ ಇದ್ದುವು. ಅಲಿಬಾಗಿನಿಂದ ಸಮುದ್ರದಂಡಿ ಹಿಡದು ಹೋಗೂದು ಒಂದು. ಕಲ್ಯಾಣದಿಂದ ಜುನ್ನರ ಒಂದು. ಇವೆರಡೂ ನಮ್ಮ ಬುಕ್ಕಿನ್ಯಾಗ ಹಳೇವು. ಹೊಸಾದು ಅಂದ್ರ ನೇರಳ್ ಘಟ್ಟ. ಪರಪ್ಪ ಮಾಸ್ತರು ಇದನ್ನ ಮಾಡೂಣು ಅಂತ ಹಟಾ ಹಿಡದ್ರು. ಜನವರಿಯೊಳಗ ತಾವ ಹೋಗಿ ನೋಡಿ ಬಂದ್ರು."

"ಪರಪ್ಪ ಯಾರು?"

ಗದಿಗೆಪ್ಪ, ಗೊತ್ತಿಲ್ಲವೇ ಎಂಬಂತೆ ನೋಡಿದ. ಗೋಕಾಕದವರು, ಐವತ್ತೊಂದು ವಯಸ್ಸು, ಘಾಟ್ಕೋಪರಿನ ಶಾಲೆಯೊಂದರ ಮಾಸ್ತರು. ಬಳಗ ಕಟ್ಟಿದವರೇ ಅವರು. ಮುಂಬಯಿಯಿಂದ ಪಂಢರಪುರಕ್ಕೆ ಹನ್ನೊಂದು ಸಲ ನಡೆದಿದ್ದರು.

ಬಸವಂತಪ್ಪ 'ದಾರಿ ಪುಸ್ತಕ'ವನ್ನು ಬಿಡಿಸಿದರು. ಮೊದಲ ಪುಟದಲ್ಲಿ ನಿಯಮಗಳು. ಹೊಸ ದಾರಿಯನ್ನು ಒಬ್ಬ ಸದಸ್ಯ ಮೊದಲು ನಡೆದು ನೋಡಿ ಬರಬೇಕು; ಕಾಲಿಟ್ಟಿರದ ಜಾಗವನ್ನು ಬರೆಯಕೂಡದು. ನೋಡಿ ಬಂದವನು ತಂಡದ ಜೊತೆ ಹೋಗದೆ ಊರಲ್ಲಿ ಉಳಿಯಬೇಕು.

"ಉಳಿಯೂದು ಯಾಕ?"

"ಹೋದವರು ತಿರುಗಿ ಬರಲಿಲ್ಲಂದ್ರ ಹುಡುಕಾಕ ದಾರಿ ಬಲ್ಲವರು ಒಬ್ಬರು ಬೇಕಲ್ರಿ."

"ಅಂದ್ರ ಸೋಮವಾರ ಪರಪ್ಪ ಹುಡುಕಾಕ ಬಂದಿದ್ರು."

"ಇಲ್ರಿ." ಗದಿಗೆಪ್ಪನ ದನಿ ಇಳಿಯಿತು. "ರವಿವಾರ ರಾತ್ರಿ ಲಾರಿ ಹತ್ತಿ, ಗಾಡಿ ಹಿಡದು ನಾನ ಅವರ ಮನೀಗೆ ಹೋಗಿದ್ನಿ. ಕಂಬಳಿ ಹೊದ್ದು ಕೂತಿದ್ರು, ಜ್ವರ ಅಂದ್ರು. ಚೀಟಿ ಬರದು ಕೊಟ್ರು."

ಚೀಟಿಯಲ್ಲಿ ಒಂದೇ ಸಾಲಿತ್ತು: 'ದೊಡ್ಡ ಆಲದ ಮರ ಹುಡುಕಿರಿ, ತೊಟ್ಟಿ ಅಲ್ಲಿಯೇ, ಅವನೂ ಅಲ್ಲಿಯೇ ಇರಬೇಕು.' ಒಂಬತ್ತು ಜನ ಸೋಮವಾರವಿಡೀ ಆಲದ ಮರ ಹುಡುಕಿದ್ದರು. ಪುಸ್ತಕ ಮತ್ತು ಚೀಟಿಯನ್ನು ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮಾಡಿ ವಶಪಡಿಸಿಕೊಳ್ಳಲಾಯಿತು.

ಮಾರ್ಚ್ 13, ಭಾನುವಾರ. ಬೆಳಿಗ್ಗೆ 6.45ಕ್ಕೆ ಇನ್‌ಸ್ಪೆಕ್ಟರರೂ ಚೆನ್ನಯನೂ ಘಟ್ಟ ಹತ್ತತೊಡಗಿದರು. ಹೆಣವನ್ನು ಮೊದಲು ಕಂಡ ಹಳ್ಳಿಯ ಹೆಂಗಸು ಬರಿಗಾಲಿನಲ್ಲಿ ಮುಂದೆ ನಡೆದಳು. ಪರಪ್ಪ ಪುಸ್ತಕದಲ್ಲಿ ಬರೆದಿದ್ದ ವರದಿಯನ್ನು ಬಸವಂತಪ್ಪ ಸಾಲು ಸಾಲಾಗಿ ತಾಳೆ ನೋಡಿದರು. ಮೂರು ಬಂಡೆ, ಸರಿ. ಕವಲಿನಲ್ಲಿ ಸಿಂದೂರ ಹಚ್ಚಿದ ಕಲ್ಲು, ಸರಿ. ಎಂಟು ಗಂಟೆಗೆ ಅವರ ಬೂಟು ಕಾಲನ್ನು ಕಚ್ಚಿತು. ಒಂಬತ್ತಕ್ಕೆ ಚೆನ್ನಯ ಮಾತು ನಿಲ್ಲಿಸಿದ. 10.10ಕ್ಕೆ ಹೆಂಗಸು ನಿಂತಳು.

ಅಲ್ಲಿ ಕಲ್ಲಿನ ತೊಟ್ಟಿಯಿತ್ತು. ನಡುವೆ ಸೀಳಿ, ಒಳಗೆಲ್ಲ ಒಣ ಎಲೆ. ಪಕ್ಕದ ಮುಳ್ಳುಪೊದೆಯನ್ನು ಚೆನ್ನಯ ಲಾಠಿಯಿಂದ ಸರಿಸಿದಾಗ ಕರಕಲಾದ ಒಂದು ಬೊಡ್ಡೆ ಕಂಡಿತು.

"ಮರ ಎಲ್ಲಿ ಬಾಯಿ?" ಎಂದು ಬಸವಂತಪ್ಪ ಮರಾಠಿಯಲ್ಲಿ ಕೇಳಿದರು.

"ಇದೇ ಸಾಹೇಬ. ಸಿಡಿಲು ಬಡಿದು ಏಳು ಮಳೆಗಾಲ ಆಯ್ತು. ತೊಟ್ಟಿಯೂ ಅವತ್ತೇ ಒಡೆಯಿತು."

"ಸದಾನಂದ ಬಿದ್ದದ್ದು?"

ಅವಳು ತೊಟ್ಟಿಯ ಆಚೆ ಬೆರಳು ತೋರಿಸಿದಳು. ಹನ್ನೆರಡು ಹೆಜ್ಜೆ. ಅವನು ದಾರಿ ತಪ್ಪಿರಲಿಲ್ಲ. ಬರೆದ ಜಾಗಕ್ಕೇ ಬಂದು, ನೀರಿಲ್ಲವೆಂದು ಕೆಳಗಿನ ಕೊರಕಲಿಗೆ ಬಗ್ಗಿ ನೋಡಿ ಜಾರಿ ಬಿದ್ದಿದ್ದ. ಸೋಮವಾರ ಒಂಬತ್ತು ಜನ ಮರದ ನೆತ್ತಿ ಹುಡುಕುತ್ತ ತಲೆಯೆತ್ತಿಕೊಂಡು ಇದೇ ಹಾದಿಯಲ್ಲಿ ಎರಡು ಸಲ ಹಾದು ಹೋಗಿದ್ದರು. ಬಸವಂತಪ್ಪ ಸ್ಥಳ ಪಂಚನಾಮೆ ಬರೆದರು.

ಸಂಜೆ 5.15. ನೇರಳ್ ಸ್ಟೇಷನ್ನಿನ ಎದುರು ಚಹಾದ ಅಂಗಡಿ. ಮಾಲೀಕ ಐತ, ಕಾರ್ಕಳದವ. ತುಳುವಿನಲ್ಲಿ ಚೆನ್ನಯ ನಾಲ್ಕು ಮಾತಾಡಿದ ಮೇಲೆ ಅವನ ನಾಲಿಗೆ ಸಡಿಲವಾಯಿತು.

"ಗಿಡ್ಡಗಿನ ಮಾಸ್ತರಲ್ವಾ? ಜನವರಿಯಲ್ಲಿ ಬಂದಿದ್ರು ಮಾರಾಯ್ರೆ. ಎರಡು ದಿನ ಇದೇ ಬೆಂಚು."

"ಘಟ್ಟಕ್ಕೆ ಹೋಗಲಿಲ್ವಾ?"

"ಎಂತ ಹೋಗುವುದು! ಮೊದಲ ದಿನ ಊರು ದಾಟುವ ಮೊದಲೇ ಕುಂಟಿಕೊಂಡು ತಿರುಗಿ ಬಂದ್ರು. ಮೊಣಕಾಲಿಗೆ ಬಿಸಿನೀರು ಕೇಳಿದ್ರು. ಮತ್ತೆ ಇಲ್ಲಿ ಒಬ್ಬ ಮುದುಕ ಇದ್ದಾನೆ, ಮೊದಲು ಕಟ್ಟಿಗೆ ತರ್ತಿದ್ದವ. ಅವನಿಗೆ ಚಹಾ ಕುಡಿಸಿ ಕುಡಿಸಿ ದಾರಿ ಕೇಳಿ ಬರೆದುಕೊಂಡ್ರು."

"ಆ ಮುದುಕ ಘಟ್ಟ ಹತ್ತದೆ ಎಷ್ಟು ವರ್ಷ?"

"ಕಣ್ಣೇ ಕಾಣುವುದಿಲ್ಲ ಅವನಿಗೆ. ಹತ್ತು ವರ್ಷ ಆಯ್ತೋ ಏನೋ."

ವರದಿಯ ಪ್ರತಿ ಸಾಲೂ ನಿಜವಾಗಿತ್ತು, ಹತ್ತು ವರ್ಷದ ಹಿಂದೆ.

ಮಾರ್ಚ್ 15, ಮಂಗಳವಾರ ಬೆಳಿಗ್ಗೆ ಎಫ್‌ಐಆರ್ ದಾಖಲಾಯಿತು: ಭಾರತೀಯ ದಂಡ ಸಂಹಿತೆ ಕಲಂ 304-ಎ, ದುಡುಕು ಅಥವಾ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ್ದು. ಸಂಜೆ ಆರಕ್ಕೆ ಬಸವಂತಪ್ಪ ಘಾಟ್ಕೋಪರಿನ ಚಾಳಿನ ಮೂರನೆಯ ಮಾಳಿಗೆಯಲ್ಲಿದ್ದರು. ಪರಪ್ಪ ಇನ್ನೂ ಬಂದಿರಲಿಲ್ಲ. ಹೆಂಡತಿ ನಾಗವ್ವ ಗ್ಯಾಲರಿಯಲ್ಲಿ ಕುರ್ಚಿ ಹಾಕಿ ಕೊಟ್ಟಳು. ಕೆಳಗೆ ಅಂಗಳದಲ್ಲಿ ಚಾಳಿನ ಗಂಡಸರು ಕೇರಂ ಆಡುತ್ತಿದ್ದರು.

"ಈ ಮೆಟ್ಟಲಿನ ಮ್ಯಾಲೆ ಕಣ್ಣಿಡಬ್ಯಾಡ್ರಿ," ಎಂದಳು ನಾಗವ್ವ. "ಅವರು ಹಿಂದಿನಿಂದ ಬರ್ತಾರ."

ಹಿಂದಿನದು ಝಾಡೂ ಹೊಡೆಯುವವರು ಹತ್ತುವ ಕಬ್ಬಿಣದ ಸುತ್ತುಮೆಟ್ಟಿಲು. ಅಲ್ಲಿಂದ ಸದ್ದು ಬರುತ್ತಿತ್ತು: ಒಂದು ಹೆಜ್ಜೆ, ದೀರ್ಘ ಮೌನ, ಇನ್ನೊಂದು ಹೆಜ್ಜೆ. ಬಸವಂತಪ್ಪ ಬಗ್ಗಿ ನೋಡಿದರು. ಹನ್ನೊಂದು ಸಲ ಪಂಢರಪುರಕ್ಕೆ ನಡೆದ ಮನುಷ್ಯ ಎರಡೂ ಕೈಯಲ್ಲಿ ಕಂಬಿ ಹಿಡಿದು, ಅಡ್ಡ ತಿರುಗಿ, ಹಸುಗೂಸಿನ ಹಾಗೆ ಒಂದೊಂದೇ ಮೆಟ್ಟಿಲು ಏರುತ್ತಿದ್ದ.

"ಎಷ್ಟು ದಿನಾತು ಹಿಂಗ?"

"ವರ್ಷಾತ್ರಿ. ಯಾರ ಮುಂದನೂ ಬಾಯಿ ಬಿಡಬ್ಯಾಡ ಅಂದಾರ."

ಪರಪ್ಪ ಮೇಲೆ ಬಂದು, ಖಾಕಿ ನೋಡಿ, ಗೋಡೆಗೆ ಕೈ ಊರಿ ನಿಂತರು.

"ಮಾಸ್ತರ, ಆ ಆಲದ ಮರ ನೋಡಿದ್ರೇನು?"

"ಇಲ್ಲ."

"ಹಳೇ ದಾರಿ ಎರಡಿದ್ದುವಲ್ಲ. ಹೊಸಾದಕ್ಕ ಹಟಾ ಯಾಕ ಹಿಡದ್ರಿ?"

"ಹಳೇ ದಾರಿ ಆರಿಸಿದ್ರ ನಾನೂ ಅವರ ಜೋಡಿ ನಡೀಬೇಕಾಗ್ತಿತ್ತು. ಹೊಸಾದಾದ್ರ ಒಬ್ಬನ ಹೋಗಿ ಬರೂದು. ಆಮ್ಯಾಲೆ ಮನ್ಯಾಗ ಉಳೀಬಹುದು, ಯಾರೂ ಯಾಕಂತ ಕೇಳೂದಿಲ್ಲ."

"ಅದು ಬಿಡ್ರಿ. ರವಿವಾರ ಗದಿಗೆಪ್ಪ ಬಂದು ಬಾಗಿಲಾ ಬಡದಾಗ? 'ನಾ ಆ ಮರ ನೋಡಿಲ್ಲ' ಅಂತ ಒಂದು ಮಾತು ಅಂದಿದ್ರ, ಅವರು ನೆಲಾ ನೋಡಿ ಹುಡುಕ್ತಿದ್ರು. ಹುಡುಗ ಉಳೀತಿದ್ದ."



"ಬಾಯಿತನಕ ಬಂದಿತ್ರಿ," ಎಂದರು ಪರಪ್ಪ. "ಗದಿಗೆಪ್ಪ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಾ. ಮಾಸ್ತರ, ನೀವ ದಿಕ್ಕು ಅಂದಾ. ಅದರ ಮ್ಯಾಲೆ ಹೇಳಾಕ ಆಗಲಿಲ್ಲ."

ನಾಗವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

6.40ಕ್ಕೆ ಬಂಧನದ ಕಾಗದ ತಯಾರಾಯಿತು. ಚೆನ್ನಯ ಮುಂದಿನ ಅಗಲ ಮೆಟ್ಟಿಲಿನತ್ತ ಕೈ ತೋರಿಸಿದ. ಪರಪ್ಪ ಅಲ್ಲಾಡಲಿಲ್ಲ.

"ಸಾಹೇಬ್ರ, ಹಿಂದಿನಿಂದ ಹೋಗೂಣ್ರಿ. ಮುಂದ ಮಂದಿ ಕೂತಾರ."

"ಕೈಗೆ ಬೇಡಿ ಹಾಕಿಲ್ಲ ಮಾಸ್ತರ. ನಿಮ್ಮನ್ನ ಹಿಡಕೊಂಡು ಹೊಂಟೇವಿ ಅಂತ ಯಾರಿಗೂ ತಿಳಿಯೂದಿಲ್ಲ."

"ಅದು ತಿಳದ್ರ ತಿಳೀಲಿ," ಎಂದರು ಪರಪ್ಪ. "ನಾ ಇಳಿಯೂದು ನೋಡ್ತಾರಲ್ರಿ."

ಬಸವಂತಪ್ಪ ಚೆನ್ನಯನಿಗೆ ಸನ್ನೆ ಮಾಡಿದರು. ಮೂವರೂ ಕಬ್ಬಿಣದ ಮೆಟ್ಟಿಲಿನತ್ತ ತಿರುಗಿದರು.

ಬಂಧನ 6.40ಕ್ಕೆ, ಜೀಪು ಹೊರಟದ್ದು 7.05ಕ್ಕೆ. ನಡುವಿನ ಇಪ್ಪತ್ತೈದು ನಿಮಿಷ ಏನಾಯಿತೆಂದು ಮೇಲಧಿಕಾರಿಗಳು ಆಮೇಲೆ ಡೈರಿಯ ಅಂಚಿನಲ್ಲಿ ಪ್ರಶ್ನೆ ಬರೆದರು. ಬಸವಂತಪ್ಪ ಅದರ ಕೆಳಗೆ ಉತ್ತರ ಬರೆದರು: 'ಮೂರು ಮಾಳಿಗೆ ಇಳಿಯಲು.'