ಎರಡೂವರೆ ಡಿಗ್ರಿ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ತಾಯಿ ಮಗಳು ಠಾಣೆಗೆ ಬಂದರು. ತಾಯಿ ಬಟ್ಟೆ ಹೊಲಿಯುವವರು. ಅಳತೆ ಟೇಪನ್ನು ಕೊರಳಿನಿಂದ ತೆಗೆಯುವುದನ್ನೂ ಮರೆತು ಓಡಿಬಂದಿದ್ದರು. ಮಗಳು ರೇಡಿಯೋ ಎಂಜಿನಿಯರ್. ದೂರು ಬರೆದುಕೊಳ್ಳಲು ಕೂತ ಪೇದೆಗೆ ಠಾಣೆಯಲ್ಲಿ ‘ಮೌನಿ’ ಎಂದು ಅಡ್ಡಹೆಸರು. ಅವನು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಅದಕ್ಕೇ.

“ಏನು ಹೋಗಿದೆ?” ಇನ್‌ಸ್ಪೆಕ್ಟರ್ ಕೇಳಿದರು.

“ನನ್ನ ಮೂಲ ಅಂಕಪಟ್ಟಿ, ಪದವಿ ಪತ್ರ, ಎಲ್ಲಾ ಸರ್. ನಾಡಿದ್ದು ಗುರುವಾರ ಒಂಬತ್ತಕ್ಕೆ ಸೇನಾ ಗುಪ್ತಚರ ವಿಭಾಗದಲ್ಲಿ ಸಂದರ್ಶನ. ಮೂಲ ಪತ್ರ ಇಲ್ದಿದ್ರೆ ಒಳಗೇ ಬಿಡಲ್ಲ.”

“ಕೊಟ್ಟಿದ್ದು ಯಾರಿಗೆ?”

“ಅದೇ ವಿಭಾಗದವರು ಅಂದ್ಕೊಂಡು ಒಬ್ಬರಿಗೆ ಕೊಟ್ಟೆ.”

ವಿಭಾಗಕ್ಕೆ ವಿಜ್ಞಾನಿಗಳು, ಎಂಜಿನಿಯರುಗಳು ಬೇಕಾಗಿದ್ದರು. ಶತ್ರುವಿನ ರೇಡಿಯೋ ಎಲ್ಲಿಂದ ಮಾತಾಡುತ್ತಿದೆ ಎಂದು ಪತ್ತೆ ಹಚ್ಚುವ ಕೆಲಸ. ಹುಡುಗಿ ಅರ್ಜಿ ಹಾಕಿದ ಮೇಲೆ, ಆ ಹುದ್ದೆಗೆ ‘ಪ್ರಾಥಮಿಕ ಪರೀಕ್ಷೆ’ ಎಂಬ ಚೀಟಿ ಗ್ರಂಥಾಲಯದ ಫಲಕದಲ್ಲಿ ಕಂಡಿತು. ಹೋಗಿ ಬರೆದಳು. ತಪಾಸಣೆಗೆಂದು ಮೂಲ ಪತ್ರಗಳನ್ನೂ ಒಪ್ಪಿಸಿದಳು. ನಿಜವಾದ ಕರೆ ಬಂದಾಗ ವಿಭಾಗಕ್ಕೆ ಫೋನ್ ಮಾಡಿದರೆ, ಅಂಥ ಪರೀಕ್ಷೆಯನ್ನೇ ನಡೆಸಿಲ್ಲ ಎಂದರು.

“ಸೈನ್ಯ ಅಂದ ತಕ್ಷಣ ಬಂದೂಕು ಹಿಡಿಯೋದು ಅಂತ ಮೊದಲು ಅತ್ತೆ,” ಎಂದರು ತಾಯಿ. “ಈಗ ಅದು ಕೈತಪ್ಪುತ್ತಲ್ಲ ಅಂತ ಅಳ್ತಿದ್ದೀನಿ.”

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೆರಡೂಕಾಲಕ್ಕೆ ಪರೀಕ್ಷೆ ನಡೆದ ಕೋಣೆಯ ಪಂಚನಾಮೆ. ಎರಡನೇ ಮಹಡಿ; ಒಂದು ಮೇಜು, ಈಚೆ ಒಂದು ಕುರ್ಚಿ, ಆಚೆ ಮೂರು. ನೆಲದ ಮೇಲೆ ಕೆಂಪು ಪೆನ್ಸಿಲ್ ಕೆತ್ತಿದ ಪುಡಿ. ಬಾಡಿಗೆಗೆ ಕೊಟ್ಟವನು ತಲೆ ಕೆರೆದುಕೊಂಡ. “ಬರ್ತಿದ್ದದ್ದು ಒಬ್ಬರೇ ಸ್ವಾಮಿ. ಕೊಟ್ಟ ಹೆಸರು ಸುಳ್ಳು, ವಿಳಾಸನೂ ಸುಳ್ಳು.”

ಉಳಿದಿದ್ದು ಒಂದೇ ಕಾಗದ. ಹುಡುಗಿ ಬರೆದ ಉತ್ತರ ಪತ್ರಿಕೆಯನ್ನು ಆ ಮನುಷ್ಯ ತಿದ್ದಿ ಅಂಚೆಯಲ್ಲಿ ಕಳಿಸಿದ್ದ! ಇನ್‌ಸ್ಪೆಕ್ಟರಿಗೆ ಅದೇ ವಿಚಿತ್ರವೆನಿಸಿತು. ಮೋಸಗಾರನಿಗೆ ಕೂತು ಲೆಕ್ಕ ತಿದ್ದುವ ದರ್ದು ಏನಿತ್ತು?

“ತಿದ್ದಿದ್ದು ಸರಿಯಾಗಿದೆಯಾ?” ಠಾಣೆಗೆ ಮರಳಿ ಹುಡುಗಿಯನ್ನು ಕೇಳಿದರು.

“ಚೆನ್ನಾಗಿದೆ ಸರ್. ದಿಕ್ಸೂಚಿ ತೋರಿಸೋ ಉತ್ತರ ದಿಕ್ಕು ಬೇರೆ, ನಿಜವಾದ ಉತ್ತರ ದಿಕ್ಕು ಬೇರೆ. ಆ ವ್ಯತ್ಯಾಸ ಕಳೆಯೋದನ್ನ ನಾನು ಮರೆತಿದ್ದೆ. ಅವರು ಎರಡೂವರೆ ಡಿಗ್ರಿ ಕಳೀರಿ ಅಂತ ಬರೆದಿದ್ದಾರೆ.” ಹುಡುಗಿ ಆ ಕೆಂಪು ಅಂಕಿಯ ಮೇಲೆ ಬೆರಳಿಟ್ಟಳು. “ಆದ್ರೆ ಅವರದ್ದೂ ತಪ್ಪು. ಅದು ವರ್ಷ ವರ್ಷ ಬದಲಾಗುತ್ತೆ. ಈಗ ನಮ್ಮೂರಲ್ಲಿ ಒಂದೂಕಾಲು. ಎರಡೂವರೆ ಇದ್ದದ್ದು ನಾನು ಹುಟ್ಟೋಕೆ ಮುಂಚೆ.”

“ಅಂದ್ರೆ ಆ ಅಂಕಿ ಅಚ್ಚಾಗಿರೋ ಹಳೇ ನಕ್ಷೆ ನೋಡಿದ್ದಾನೆ.”

“ಹೌದು ಸರ್.”

ಬುಧವಾರ ಬೆಳಿಗ್ಗೆ ಹತ್ತಕ್ಕೆ ಸರ್ವೆ ಕಚೇರಿ. ನಕ್ಷೆಗಳ ಗುಮಾಸ್ತರು ಕಡತ ತೆಗೆದರು. ಎರಡೂವರೆ ಡಿಗ್ರಿಯ ನಕ್ಷೆಯನ್ನು ಇಪ್ಪತ್ತಾರು ವರ್ಷಗಳ ಹಿಂದೆ ವಾಪಸ್ ಪಡೆಯಲಾಗಿತ್ತು. ಎಲ್ಲ ಪ್ರತಿಗಳೂ ಬಂದಿದ್ದವು, ಒಂದನ್ನು ಬಿಟ್ಟು.

“ತಾಂತ್ರಿಕ ಶಾಲೆಯವರು ಕೊಟ್ಟಿಲ್ಲ. ಹದಿನಾಲ್ಕು ಜ್ಞಾಪನ ಕಳಿಸಿದ್ದೀನಿ,” ಎಂದರು ಗುಮಾಸ್ತರು. ತಮ್ಮ ಕಡತಕ್ಕೂ ಒಬ್ಬ ಗಿರಾಕಿ ಬಂದನಲ್ಲ ಎಂದು ಅವರಿಗೆ ಹಾಲು ಕುಡಿದಷ್ಟು ಸಂತೋಷ.

ಹನ್ನೆರಡು ನಲವತ್ತಕ್ಕೆ ತಾಂತ್ರಿಕ ಶಾಲೆ. ಸರ್ವೆ ಪ್ರಯೋಗಾಲಯದ ಗೋಡೆಯ ಮೇಲೆ ಆ ನಕ್ಷೆ ತೂಗುತ್ತಿತ್ತು. ಅದರ ಕೆಳಗೆ ಪ್ರಯೋಗಾಲಯದ ಮೇಷ್ಟರು. ಐವತ್ತು ದಾಟಿದವರು, ಇಸ್ತ್ರಿ ಕೆಡದ ಅಂಗಿ. ಇನ್‌ಸ್ಪೆಕ್ಟರ್ ಏನನ್ನೂ ಆರೋಪಿಸಲಿಲ್ಲ. ಹುಡುಗಿಯಿಂದ ಬರೆಸಿ, ಮೌನಿಯ ಕೈಯಲ್ಲಿ ನಕಲು ಮಾಡಿಸಿದ ಹೊಸ ಲೆಕ್ಕವೊಂದನ್ನು ಮುಂದಿಟ್ಟರು. ಅದರಲ್ಲಿ ಒಂದೂಕಾಲು ಡಿಗ್ರಿ ಎಂದಿತ್ತು, ಎಲ್ಲವೂ ಸರಿಯಿತ್ತು.

“ಒಂದು ತನಿಖೆಗೆ ಬೇಕು. ಸರಿ ಇದೆಯಾ ನೋಡಿ.”

ಮೇಷ್ಟರು ಸುಮ್ಮನೆ ‘ಗೊತ್ತಿಲ್ಲ’ ಎಂದಿದ್ದರೆ ಮುಗಿದಿತ್ತು. ಕೈ ಕೇಳಬೇಕಲ್ಲ! ಜೇಬಿನಿಂದ ಕೆಂಪು ಪೆನ್ಸಿಲ್ ಹೊರಬಂತು. ಒಂದೂಕಾಲನ್ನು ಹೊಡೆದುಹಾಕಿ ಎರಡೂವರೆ ಎಂದು ಬರೆದರು. ಇನ್‌ಸ್ಪೆಕ್ಟರ್ ಹುಡುಗಿಯ ಉತ್ತರ ಪತ್ರಿಕೆಯನ್ನು ಅದರ ಪಕ್ಕದಲ್ಲಿಟ್ಟರು. ಅದೇ ಅಂಕಿ, ಅದೇ ಬರಹ. ಮೇಷ್ಟರ ಮುಖ ಹುಳ್ಳಗಾಯಿತು.

“ಪತ್ರಗಳು ಎಲ್ಲಿ?”

“ಬೀರುವಿನಲ್ಲಿ.”

ಇಪ್ಪತ್ತೊಂಬತ್ತು ಜನರ ಮೂಲ ಪತ್ರಗಳು, ಒಂದೂ ಮುದುಡಿರಲಿಲ್ಲ. ಪಂಚನಾಮೆ ಮುಗಿಸಿ ಒಂದು ಮೂವತ್ತೈದಕ್ಕೆ ಬಂಧನ. ಜಪ್ತಿಯಾದದ್ದನ್ನು ನ್ಯಾಯಾಲಯದ ಅಪ್ಪಣೆಯಿಲ್ಲದೆ ಕೊಡುವಂತಿರಲಿಲ್ಲ. ಮೌನಿ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಓಡಾಡಿದ. ನಾಲ್ಕು ಐವತ್ತಕ್ಕೆ ನ್ಯಾಯಾಧೀಶರ ಸಹಿ ಬಿತ್ತು. ಐದೂವರೆಗೆ ಹುಡುಗಿಯ ಕೈಗೆ ಪತ್ರ ಸೇರಿತು. ತಾಯಿ, ಮೌನಿಯ ಅಂಗಿಯ ಗುಂಡಿ ಕಿತ್ತುಹೋಗಿದ್ದನ್ನು ಕಂಡು, ಅಲ್ಲೇ ನಿಲ್ಲಿಸಿ ಹೊಲಿದುಕೊಟ್ಟರು.

ಆ ಸಂಜೆ ಮೇಷ್ಟರು ಹೇಳಿಕೆ ಕೊಟ್ಟರು. ಯೌವನದಲ್ಲಿ ಅದೇ ವಿಭಾಗಕ್ಕೆ ಮೂರು ಸಲ ಸಂದರ್ಶನಕ್ಕೆ ಹೋಗಿದ್ದರು. ಮೂರು ಸಲವೂ ಹತ್ತು ನಿಮಿಷದೊಳಗೆ ಎಬ್ಬಿಸಿ ಕಳಿಸಿದ್ದರು.

“ವಿಜ್ಞಾನದ ಒಂದು ಪ್ರಶ್ನೆ ಕೇಳಲಿಲ್ಲ ಸರ್. ಒಂದು ಸಲವಾದರೂ ಮೇಜಿನ ಆ ಕಡೆ ಕೂತು ಸರಿಯಾಗಿ ಕೇಳಬೇಕು ಅನ್ನಿಸ್ತು. ಯಾರು ಎಷ್ಟನೇ ಸ್ಥಾನ ಅನ್ನೋ ಪಟ್ಟಿ ಮುಗಿದ ಮೇಲೆ ಎಲ್ಲರದ್ದೂ ವಾಪಸ್ ಕೊಡ್ತಿದ್ದೆ.”

“ಅಷ್ಟರಲ್ಲಿ ಅವರ ಬದುಕು?” ಇನ್‌ಸ್ಪೆಕ್ಟರಿಗೆ ಮೈ ಉರಿಯಿತು.

ತಿಂಗಳ ಬಳಿಕ ನ್ಯಾಯಾಲಯದ ಮೊಗಸಾಲೆಯಲ್ಲಿ, ಎರಡು ಕೈಗೂ ಬೇಡಿ ಬಿದ್ದ ಮೇಷ್ಟರು ಇನ್‌ಸ್ಪೆಕ್ಟರನ್ನು ಕಂಡು ನಿಂತರು.

“ಆ ರೇಡಿಯೋ ಹುಡುಗಿ ಏನಾದಳು?”

“ಆಯ್ಕೆ ಆದಳು. ಸೋಮವಾರ ಕೆಲಸಕ್ಕೆ ಸೇರಿದಳು.”

“ಎಷ್ಟನೇ ಸ್ಥಾನ?”

“ಮೊದಲನೇದು.”

ಮೇಷ್ಟರ ಮುಖ ಅರಳಿತು. “ನಾನೂ ಮೊದಲನೇ ಸ್ಥಾನವನ್ನೇ ಕೊಟ್ಟಿದ್ದೆ.”

“ನೀವು ಕೊಟ್ಟಿದ್ದಲ್ಲ ಮೇಷ್ಟ್ರೇ,” ಎಂದರು ಇನ್‌ಸ್ಪೆಕ್ಟರ್. “ಅವಳು ತಗೊಂಡಿದ್ದು.”