ಅಸ್ಕರನ ಸಿಂಥಿನ ಮೇಲಿನ ಹಳದಿ ಕಲೆ

ಸ್ವಿಚ್ ಹಾಕಿದರೆ ಸಿಂಥಸೈಜರ್ ‘ಪೀ’ ಎಂದಿತು. ಅಷ್ಟೇ.

ಶಿವಕೃಷ್ಣ ಮಾಷ್ಟ್ರು ಇನ್ನೊಂದು ಬಟನ್ ಒತ್ತಿದರು. ಪೀ. ಮತ್ತೊಂದು—ಅದೇ ಪೀ. ವರ್ಷಗಟ್ಟಲೆ ಕೂತು ಅವರು ಆ ಕೀಬೋರ್ಡಿನೊಳಗೆ ರೂಪಿಸಿಟ್ಟಿದ್ದ ನಾದಗಳಲ್ಲಿ ಒಂದೂ ಉಳಿದಿರಲಿಲ್ಲ.

“ಅಳಿಸಿದ್ದಾರೆ,” ಎಂದರು. “ಎರಡು ಬಟನ್ ಒಟ್ಟಿಗೆ ಹಿಡಿದು ಆನ್ ಮಾಡಿದರೆ ಮಾತ್ರ ಹೀಗಾಗುವುದು. ತಾನಾಗಿ ಆಗುವುದಲ್ಲ ಇದು.”

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿ ಮಾಷ್ಟ್ರ ಸಂಗೀತ ಕ್ಲಾಸು. ಯಾವ ಸಿಂಥಸೈಜರ್‌ಗೆ ಯೋಗ್ಯತೆಗಿಂತ ಹೆಚ್ಚು ಹೆಸರು, ಯಾವುದಕ್ಕೆ ಕಮ್ಮಿ ಎಂದು ಯೂಟ್ಯೂಬಿನಲ್ಲಿ ತೀರ್ಪು ಕೊಡುವುದು ಅವರ ಇನ್ನೊಂದು ಕಸುಬು. ಹೋದ ತಿಂಗಳು ತಮ್ಮ ವಿದೇಶಿ ಯಂತ್ರವನ್ನು ‘ದೇವರು’ ಎಂದಿದ್ದರು. ಬಂಟ್ವಾಳದ ಅಸ್ಕರ್ ಮದುವೆಮನೆಗಳಲ್ಲಿ ನುಡಿಸುವ ಹಳೆಯ ಸಿಂಥನ್ನು ‘ಓವರ್‌ರೇಟೆಡ್ ಆಟಿಕೆ’ ಎಂದಿದ್ದರು. ಹಾಗಾದರೆ ಕಣ್ಣು ಕಟ್ಟಿಕೊಂಡು ಎರಡನ್ನೂ ಕೇಳಿ, ಯಾವುದು ನಿಮ್ಮದೆಂದು ಹೇಳಿ ಎಂದು ನೋಡುಗರು ಪಟ್ಟು ಹಿಡಿದರು. ಮಾಷ್ಟ್ರು ಒಪ್ಪಲೇಬೇಕಾಯಿತು. ಆ ಪರೀಕ್ಷೆ ಇವತ್ತು.

ಪರದೆಯ ಹಿಂದೆ ಎರಡನ್ನೂ ನುಡಿಸಬೇಕಾದವಳು ಹಿರಿಯ ಶಿಷ್ಯೆ ಅಶ್ವಿತಾ. ಬೆಳಿಗ್ಗೆ ಬೇಕರಿಯಿಂದ ಕೀ ತಂದು ಬಾಗಿಲು ತೆರೆದವಳೂ ಅವಳೇ. ಅಸ್ಕರನ ಚೀಲದ ಜಿಪ್ ಎಳೆದು ಸಿಂಥನ್ನು ಸ್ಟ್ಯಾಂಡಿಗೆ ಏರಿಸಿದ್ದಳು. ಕ್ಯಾಮೆರಾಕ್ಕೆ ಚಂದ ಕಾಣಲೆಂದು, ಅದರ ಮೂಲೆಯಲ್ಲಿ ಒಣಗಿದ್ದ ಮಾಸಲು ಹಳದಿ ಕಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು. ಮದುವೆಮನೆಯ ಸಾಂಬಾರು, ಮತ್ತೇನು ಎಂದು ಮೂಗು ಮುರಿದದ್ದೂ ಹೌದು.

“ನಿನ್ನೆ ಆಯುಧಪೂಜೆ ಆದ ಮೇಲೆ ಇಲ್ಲಿಗೆ ಯಾರು ಬಂದದ್ದು?” ಮಾಷ್ಟ್ರು ಕೇಳಿದರು.

“ಅಸ್ಕರಣ್ಣ. ಸಂಜೆ ಸಿಂಥ್ ಇಡ್ಲಿಕ್ಕೆ. ಬೇಕರಿಯಿಂದ ಕೀ ತಗೊಂಡದ್ದು ಅವರೇ.”

ಬಾಯಿಂದ ಬಿದ್ದ ಮೇಲೆ ಅವಳಿಗೆ ಅದರ ಭಾರ ತಿಳಿಯಿತು. ಅಷ್ಟರಲ್ಲಿ ಮಾಷ್ಟ್ರು ಮೆಟ್ಟಿಲ ತುದಿಗೆ ಹೋಗಿ ನಿಂತಾಗಿತ್ತು.

“ಅಸ್ಕರ್! ಮೇಲೆ ಕಳ್ಳಕೆಲಸ ಮಾಡಿ ಕೆಳಗೆ ಚಾ ಕುಡಿಯುತ್ತಾ ಕೂತಿದ್ದೀಯಾ?”

ಬೇಕರಿಯ ಗದ್ದಲ ಥಟ್ಟನೆ ನಿಂತಿತು. ಅಲ್ಲಿದ್ದವರಲ್ಲಿ ಬಂಟ್ವಾಳದವರೂ ಇದ್ದರು, ಬೆಳ್ತಂಗಡಿಯವರೂ ಇದ್ದರು. ಮದುವೆ ಸೀಸನ್ ಹತ್ತಿರ. ಕಳ್ಳ ಎನಿಸಿಕೊಂಡವನನ್ನು ಯಾರು ಕರೆಯುತ್ತಾರೆ? ಮೆಟ್ಟಿಲೇರಿ ಬಂದ ಅಸ್ಕರನ ಮುಖ ನೋಡಲಾಗದೆ ಅಶ್ವಿತಾ ಕ್ಯಾಮೆರಾದ ತಿರುಪನ್ನು ಸುಮ್ಮನೆ ತಿರುವಿದಳು.

“ಎರಡು ಬಟನ್ ವಿಷಯ ನಿನಗೆ ಗೊತ್ತಿತ್ತಾ?”

“ಗೊತ್ತುಂಟು. ನಿಮ್ಮದೇ ವೀಡಿಯೋದಲ್ಲಿ ನೋಡಿದ್ದು ಮಾಷ್ಟ್ರೇ.”

“ನೋಡಿದಿರಾ, ಅವನೇ ಒಪ್ಪಿಕೊಂಡ! ನಾದ ಎಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡಿರಬೇಕು. ಅಶ್ವಿತಾ, ಅವನ ಚೀಲ ನೋಡು.”

ಅವಳು ನೋಡಿದಳು. ವಯರುಗಳು, ಅಡಾಪ್ಟರ್, ಮಡಚಿಟ್ಟ ಬಿಳಿ ಅಂಗಿ. ಎಲ್ಲವನ್ನೂ ನೆಲದ ಮೇಲೆ ಹರಡಿದಳು. ಪೆನ್‌ಡ್ರೈವ್ ಇರಲಿಲ್ಲ. ಅಸ್ಕರ್ ತಡೆಯಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆದರೂ ಕೈ ನಿಲ್ಲಲಿಲ್ಲ.

“ಸಾಕು. ಅದನ್ನು ಬಿಡು.”

ಹಿಂದಿನ ಬೆಂಚಿನಲ್ಲಿದ್ದ ಶಂಕರಿ ಮೇಡಂ ಎದ್ದು ಬಂದಿದ್ದರು. ಪೊಲೀಸ್ ಇಲಾಖೆಯಲ್ಲಿ ಎಸ್.ಐ. ಆಗಿ ನಿವೃತ್ತರಾದವರು. ಹಾರ್ಮೋನಿಯಂ ಕಲಿಯುತ್ತೇನೆಂದು ಬಂದು, ಇನ್ನೂ ಮೊದಲ ಪಾಠವಾದ ಸರಳೆಯಲ್ಲೇ ತೊಡರುತ್ತಿದ್ದವರು. ಕ್ಲಾಸಿನ ಮಕ್ಕಳು ಬೆನ್ನ ಹಿಂದೆ ನಗುತ್ತಿದ್ದುದೂ ಉಂಟು.

“ಅಸ್ಕರ್, ನಿನ್ನೆ ಎಂತ ಮಾಡಿದ್ದು? ಸರಿಯಾಗಿ ಹೇಳು.”

“ಬಾಗಿಲು ತೆಗೆದು ಹೊಸ್ತಿಲ ಒಳಬದಿಗೆ ಚೀಲ ಒರಗಿಸಿ ಇಟ್ಟೆ. ಆಯುಧಪೂಜೆ ದಿನ ನೀವೆಲ್ಲ ವಾದ್ಯ ಮುಟ್ಟುವುದಿಲ್ಲ ಅಲ್ವಾ? ನಾನು ಕೋಣೆಯೊಳಗೆ ಕಾಲೇ ಇಡ್ಲಿಲ್ಲ. ಜಿಪ್ ಸಹ ತೆಗೀಲಿಲ್ಲ. ಕೀ ಬೇಕರಿಯಲ್ಲಿ ಕೊಟ್ಟೆ. ಬಸ್ಸು ಹೊರಟಿತ್ತು.”

ಶಂಕರಿ ಕೆಳಗಿಳಿದು ಹೋಗಿ ತಿರುಗಿ ಬಂದರು. “ಬೇಕರಿಯ ನೋಣಯ್ಯ ಹೇಳುವುದೂ ಅದೇ. ಓಡಿ ಬಂದು ಕೀ ಕೊಟ್ಟು ಬಸ್ಸು ಹತ್ತಿದನಂತೆ. ಆಮೇಲೆ ಆ ಕೀ ಮುಟ್ಟಿದ್ದು ಬೆಳಿಗ್ಗೆ ಅಶ್ವಿತಾ.”

“ಎರಡು ಬಟನ್ ಒತ್ತಲಿಕ್ಕೆ ಎಷ್ಟು ಹೊತ್ತು ಬೇಕು?” ಮಾಷ್ಟ್ರು ಸಿಡುಕಿದರು.

“ಹೌದು. ಹೆಚ್ಚು ಬೇಡ.” ಶಂಕರಿ ಅಶ್ವಿತಾಳತ್ತ ತಿರುಗಿದರು. “ಬೆಳಿಗ್ಗೆ ಬಂದವಳು ನೀನು ಎಂತೆಲ್ಲ ಮಾಡಿದೆ ಮಗಳೇ?”

“ಲೈಟ್ ಹಾಕಿದೆ. ಕ್ಯಾಮೆರಾ ಇಟ್ಟೆ. ಅಸ್ಕರಣ್ಣನ ಸಿಂಥ್ ತೆಗೆದು... ಒರೆಸಿದೆ.”

“ಧೂಳಾ?”

“ಅಲ್ಲ. ಒಂದು ಕಲೆ ಇತ್ತು.”

“ಎಂತದು?”

ಅಶ್ವಿತಾ ನೆಲ ನೋಡಿದಳು. “ಸಾಂಬಾರು ಅಂತ ಕಾಣ್ತದೆ.”

ಅಸ್ಕರ್ ಮೊದಲ ಬಾರಿ ಅವಳತ್ತ ತಲೆ ತಿರುಗಿಸಿದ.

“ಒರೆಸಿದ ಬಟ್ಟೆ ಎಲ್ಲುಂಟು?” ಎಂದರು ಶಂಕರಿ.

ಕಿಟಕಿಯ ಸರಳಿಗೆ ನೇತುಹಾಕಿದ್ದ ಬಟ್ಟೆಯನ್ನು ಶಂಕರಿ ಮೂಗಿಗೆ ಹಿಡಿದರು. ಆಮೇಲೆ ಅಶ್ವಿತಾಳ ಕೈಗೆ ಕೊಟ್ಟರು. ಅವಳೂ ಮೂಸಿದಳು. ಸಾಂಬಾರಲ್ಲ. ತೇದ ಗಂಧ.

“ನಿನ್ನೆಯ ಪೂಜೆಯಲ್ಲಿ ಯಾವುದಕ್ಕೆಲ್ಲ ಗಂಧ ಹಚ್ಚಿದ್ದು?”

“ಸರ್ ಅವರ ಸಿಂಥಿಗೆ, ಹಾರ್ಮೋನಿಯಂಗೆ, ತಬಲಾಕ್ಕೆ... ಕ್ಯಾಮೆರಾ ಸ್ಟ್ಯಾಂಡಿಗೂ.”

“ಅಸ್ಕರನದ್ದಕ್ಕೆ?”

“ಅದು ಆಗ ಬಂದಿರ್ಲೇ ಇಲ್ಲ.” ಹೇಳುತ್ತಿದ್ದಂತೆ ಅವಳ ದನಿ ಇಳಿಯಿತು.

“ಬಂದದ್ದು ಸಂಜೆ, ಚೀಲದಲ್ಲಿ, ಜಿಪ್ ಹಾಕಿಕೊಂಡು. ಹಾಗಾದರೆ ರಾತ್ರಿಯೊಳಗೆ ಯಾರೋ ಅದನ್ನು ಹೊರಗೆ ತೆಗೆದಿದ್ದಾರೆ, ಗಂಧ ಹಚ್ಚಿ ಕೈ ಮುಗಿದಿದ್ದಾರೆ, ತಿರುಗಿ ಚೀಲಕ್ಕೆ ಹಾಕಿದ್ದಾರೆ. ಅಸ್ಕರ್ ಗಂಧ ಹಚ್ಚುವವನಲ್ಲ. ಬೇಕರಿಯ ಕೀ ಅಲುಗಲಿಲ್ಲ. ಇನ್ನೊಂದು ಕೀ ಯಾರ ಹತ್ರ ಉಂಟು?”

ಉತ್ತರ ಎಲ್ಲರಿಗೂ ಗೊತ್ತಿತ್ತು. ಮಾಷ್ಟ್ರು ತಮ್ಮ ಬಲಗೈಯ ಉಂಗುರ ಬೆರಳನ್ನೇ ನೋಡುತ್ತಿದ್ದರು.

“ಅಳಿಸಿದ್ದು ನೀವೇ ಮಾಷ್ಟ್ರೇ,” ಎಂದರು ಶಂಕರಿ ಮೆಲ್ಲಗೆ. “ನಿಮ್ಮದೇ ಯಂತ್ರ, ನಿಮ್ಮದೇ ನಾದ. ಹಾಗಾಗಿ ನಿಮ್ಮ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಪರೀಕ್ಷೆಗೆ ಮೊದಲೇ, ರಾತ್ರಿ ಕಣ್ಣು ಮುಚ್ಚಿ ಕೇಳಿ ನೋಡಿದಿರಾ?”

ಮಾಷ್ಟ್ರು ಕುರ್ಚಿಯಲ್ಲಿ ಕುಸಿದರು. “ಎರಡನ್ನೂ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಯಾವುದು ಯಾವುದೆಂದು ತಿಳಿಯದ ಹಾಗೆ ಹಿಂದೆ ಮುಂದೆ ಮಾಡಿ ಕೇಳಿದೆ. ಪ್ರತಿ ಸಲ... ಇವನದ್ದನ್ನೇ ಆರಿಸಿದೆ. ಇವನದ್ದನ್ನೇ ನನ್ನದು ಅಂತ ಹೇಳಿದೆ. ನಾಳೆ ಎಲ್ಲರ ಎದುರು ಹಾಗೆ ಆಗ್ತದಲ್ಲ ಅಂತ ಹೆದರಿದೆ. ಪರೀಕ್ಷೆ ನಿಂತರೆ ಸಾಕಿತ್ತು ನನಗೆ.”

“ಗಂಧ?”

“ಆಟಿಕೆ ಅಂದಿದ್ದೆನಲ್ಲ. ತಪ್ಪಾಯಿತು ಅಂತ... ಕೈ ಹೋಯಿತು.”

ಕತ್ತಲಲ್ಲಿ ಸಿಂಥಿಗೆ ಕೈ ಮುಗಿದವರು ಬೆಳಕು ಹರಿದ ಮೇಲೆ ಅದರ ಒಡೆಯನನ್ನು ಕಳ್ಳನೆಂದು ಕೂಗಿದ್ದರು. ಅಶ್ವಿತಾಳಿಗೆ ಗುರುವಿನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ, ಅದೂ ತನ್ನ ಬಗ್ಗೆಯೇ. ಅಸ್ಕರನ ಹೆಸರು ಹೇಳಿದವಳು ಅವಳು, ಚೀಲ ಬಗೆದವಳು ಅವಳು. ಅಸ್ಕರನನ್ನು ಕಾಪಾಡಬಹುದಾಗಿದ್ದ ಒಂದೇ ಒಂದು ಗುರುತನ್ನು ಮೂಗು ಮುರಿದು ಒರೆಸಿದವಳೂ ಅವಳೇ.

“ಕ್ಷಮಿಸು ಮಾರಾಯ,” ಎಂದರು ಮಾಷ್ಟ್ರು.

“ನಾನು ಮಾಡಿಲ್ಲ ಅಂತ ನನಗೆ ಗೊತ್ತುಂಟಲ್ಲ ಮಾಷ್ಟ್ರೇ,” ಎಂದ ಅಸ್ಕರ್. “ಗೊತ್ತಿಲ್ಲದವರು ಕೆಳಗೆ ಇದ್ದಾರೆ.”

ಮಾಷ್ಟ್ರು ಕುರ್ಚಿಯಿಂದ ಎದ್ದರು. ಆಮೇಲೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ಬೇಕರಿಯಿಂದ ಅವರ ದನಿ ಕೇಳಿಸಿತು: “ಅಳಿಸಿದ್ದು ನಾನು. ಅಸ್ಕರ್ ಅಲ್ಲ.” ಯಾರೋ “ಎಂತ?” ಎಂದರು. ಮಾಷ್ಟ್ರು ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ ಹೇಳಬೇಕಾಯಿತು.

ಮಹಡಿಯಲ್ಲಿ ಅಶ್ವಿತಾ ಮೊಣಕಾಲೂರಿ, ತಾನೇ ಹರಡಿದ್ದ ವಯರುಗಳನ್ನು ಸುತ್ತತೊಡಗಿದಳು. ಬಿಳಿ ಅಂಗಿಯ ಮಡಿಕೆ ಕೆಟ್ಟಿತ್ತು. ಎಷ್ಟು ಮಡಚಿದರೂ ಮೊದಲಿನಂತಾಗಲಿಲ್ಲ. ಅಸ್ಕರ್ ಸಿಂಥನ್ನು ಸ್ಟ್ಯಾಂಡಿನಿಂದ ಎತ್ತಿಕೊಂಡು ಬಂದ. ಅವಳು ಚೀಲದ ಬಾಯಿ ಅಗಲಿಸಿ ಹಿಡಿದಳು.

“ಅಶ್ವಿತಾ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಇದು ಇದ್ದಲ್ಲಿಗೆ ನಾನು ಊಟದ ತಟ್ಟೆ ತರುವುದಿಲ್ಲ. ಕೈ ತೊಳೆಯದೆ ಮುಟ್ಟುವುದೂ ಇಲ್ಲ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ತಲೆ ಎತ್ತದೆ ಜಿಪ್ ಎಳೆದಳು.